ಆಡಿಗೆ ಹೋಗಬೇಕಿದ್ದ ಬೈಗುಳ

ನೇಸರಗಿ
೨೭ ಜನವರಿ ೨೦೨೫, ಸೋಮವಾರ

ಫೋನ್ ಎತ್ತದಿದ್ದರೂ ಮಗಳೇ ಆದ ಫರೀನ್‌ಗೆ, ನಿನ್ನ ಹಸನಸಾಬ ಮಾಮಾ ಮಾಡುವ ದುವಾ.

ಮೊದಲು ಒಂದು ಮಾತು ತಿಳಿದುಕೋ. ಹುಟ್ಟಿದಾಗಿನಿಂದ ಇವತ್ತಿನವರೆಗೆ ನಾನು ಒಮ್ಮೆಯೂ ಸಿಟ್ಟಿಗೆದ್ದವನಲ್ಲ. ಬೈಲಹೊಂಗಲದಿಂದ ರಾಮದುರ್ಗದವರೆಗೆ ಯಾರನ್ನಾದರೂ ನಿಲ್ಲಿಸಿ ಕೇಳು, ಹಸನಸಾಬ ನದಾಫನ ಬಾಯಿಂದ ಒಂದು ಬಿರುಸು ಮಾತು ಬಿದ್ದದ್ದನ್ನು ಕೇಳಿದವರು ಸಿಗುವುದಿಲ್ಲ. ಕಿತ್ತೂರಿನಲ್ಲಿ ಎರಡು ಓಣಿಯವರು ಬಡಿಗೆ ಹಿಡಿದು ನಿಂತಾಗ ನನ್ನನ್ನೇ ಕರೆಸಿದರು, ನನ್ನ ಮುಖ ನೋಡಿದ್ದೇ ತಡ, ಬಡಿಗೆ ಕೆಳಗಿಟ್ಟು ಒಬ್ಬರಿಗೊಬ್ಬರು ಎಲೆ ಅಡಿಕೆ ಕೊಟ್ಟುಕೊಂಡರು. ಇಂಥ ತಣ್ಣನೆಯ ಮನುಷ್ಯನಿಗೆ ನೀವು ತಾಯಿ ಮಗಳು ಸೇರಿ ಬಾಯಿಬಡುಕ ಎಂದು ಹೆಸರಿಟ್ಟಿದ್ದೀರಿ. ಅದನ್ನು ನೆನೆಸಿಕೊಂಡರೆ ಕೈಯೊಳಗಿನ ಪೆನ್ನು ಮುರಿಯುವಷ್ಟು ಸಿಟ್ಟು ಬರುತ್ತದೆ. ಈಗ ಬರೆಯುತ್ತಿರುವುದು ಎರಡನೆಯ ಪೆನ್ನಿನಿಂದ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ನನ್ನ ನಂಬರನ್ನು ಅದೇನೋ ಬ್ಲಾಕ್ ಮಾಡಿದ್ದೀ ಎಂದು ಮಾಮಿ ಹೇಳಿದಳು. ಅವಳ ಫೋನಿನಿಂದ ಹಚ್ಚಿದೆ. ನೀನು ಎತ್ತಿದೆ, ನನ್ನ ಕೆಮ್ಮು ಕೇಳಿದೊಡನೆ ಇಟ್ಟೆ. ಕಾಗದದ ಜೊತೆ ಆ ಆಟ ನಡೆಯುವುದಿಲ್ಲ. ಹರಿದು ಹಾಕಬೇಕೆಂದರೂ ಒಮ್ಮೆ ಬಿಚ್ಚಬೇಕು, ಬಿಚ್ಚಿದ ಮೇಲೆ ಓದದೆ ಇರುವವಳಲ್ಲ ನೀನು. ಹಳ್ಳಿಯ ಸಾಲೆಯಲ್ಲಿ ಏಳನೆಯ ಇಯತ್ತೆ ಕಲಿತವನ ಅಕ್ಷರ ಇದು. ತಪ್ಪಿದ್ದಲ್ಲಿ ತಿದ್ದಿಕೋ, ಆದರೆ ಕೊನೆಯವರೆಗೆ ಓದು. ಬರುವ ರವಿವಾರ ಬಿಟ್ಟು ಅದರ ಮುಂದಿನ ರವಿವಾರ ನಿನ್ನ ಮದುವೆ. ಸೋದರಮಾವ ನಾನು, ನನಗೆ ಇನ್ನೂ ಕಾರ್ಡು ಬಂದಿಲ್ಲ.

ನಮ್ಮ ಮನೆತನದ ಪದ್ಧತಿ ನಿನಗೆ ಗೊತ್ತಿದ್ದದ್ದೇ. ಮದುವೆಯ ಮೊದಲ ಕಾರ್ಡು ಸೋದರಮಾವನ ಮನೆಗೆ ಬರಬೇಕು. ಸೋದರಮಾವ ತಾನೇ ಅರಳೆ ಹಿಂಜಿ, ತಾನೇ ಗಾದಿ ಹೊಲಿದು ಒಯ್ಯಬೇಕು. ಅದರ ಒಂದು ಮೂಲೆಯನ್ನು ಹೊಲಿಯದೆ ಬಿಟ್ಟಿರುತ್ತೇವೆ. ಮದುಮಗಳು ಒಂದು ಹಿಡಿ ಅರಳೆಯನ್ನು ತನ್ನ ಕೈಯಿಂದ ಆ ಮೂಲೆಗೆ ತುಂಬಬೇಕು, ಆಮೇಲೆ ಸೋದರಮಾವ ದಬ್ಬಣ ಹಾಕಿ ಗಂಟು ಕಟ್ಟಬೇಕು. ನಿನ್ನ ಅವ್ವನ ಗಾದಿ ಹಾಗೆ ಆಯಿತು, ನಮ್ಮ ಅವ್ವನದೂ ಹಾಗೆಯೇ. ಈಗ ನಿನ್ನ ಗಾದಿ ನಮ್ಮ ಪಡಸಾಲೆಯಲ್ಲಿ ಒಂದು ಮೂಲೆಯ ಬಾಯಿ ತೆರೆದುಕೊಂಡು ಬಿದ್ದಿದೆ. ಹೋಗುವಾಗ ಬರುವಾಗ ಅದನ್ನು ನೋಡಿದರೆ ನನಗೇ ಬೈದಂತೆ ಆಗುತ್ತದೆ. ನಿನ್ನ ಅವ್ವ ಸುರೇಬಾನದಿಂದ ಹೇಳಿ ಕಳಿಸಿದ್ದಾಳಂತೆ, ನೇಸರಗಿಯ ಗಾದಿ ಬೇಡ, ರಾಮದುರ್ಗದ ಅಂಗಡಿಯಲ್ಲಿ ಸ್ಪಂಜಿನ ಗಾದಿ ತಂದರಾಯಿತು ಎಂದು. ಅರಳೆ ಹಿಂಜುವುದೇ ಕಸುಬಾದ ನದಾಫರ ಮನೆಯ ಮಗಳ ಮದುವೆಗೆ ಸ್ಪಂಜಿನ ಗಾದಿ. ನಮ್ಮ ಅಪ್ಪ ಕೇಳಿದ್ದರೆ ಗೋರಿಯಿಂದ ಎದ್ದು ಕೂಡುತ್ತಿದ್ದ.

ಈಗ ಆದದ್ದು ಏನೆಂದು ಸರಿಯಾಗಿ ಕೇಳು, ಯಾಕೆಂದರೆ ನೀವು ಅರ್ಧ ಕೇಳಿ ಮುನಿಸಿಕೊಂಡಿದ್ದೀರಿ.

ನಿನ್ನ ಗಾದಿಗೆಂದು ಬೈಲಹೊಂಗಲಕ್ಕೆ ಹೋಗಿ, ಹಿಡಿದು ನೋಡಿ, ಎಳೆದು ನೋಡಿ, ಒಂದು ಬೀಜದ ಚೂರೂ ಇಲ್ಲದ ಅರಳೆ ತಂದು ಕೋಣೆಯಲ್ಲಿ ಚೀಲ ಕಟ್ಟಿ ಇಟ್ಟಿದ್ದೆ. ದೀಪಾವಳಿ ಮುಗಿದ ಮೇಲೆ ನೋಡಿದರೆ ಒಂದು ಚೀಲ ಇಲ್ಲ. ಮಾಮಿಯನ್ನು ಕೇಳಿದೆ, ತನಗೇನು ಗೊತ್ತು ಎಂದಳು. ನನಗೆ ನೆರೆಮನೆಯ ಸಾವಂತ್ರೆವ್ವನ ಮೇಲೆ ಸಂಶಯ ಬಂತು. ಅವಳ ಆಡು ಮತ್ತು ಹೋತ ದಿನ ಬೆಳಗಾದರೆ ನಮ್ಮ ಅಂಗಳದಲ್ಲೇ ಇರುತ್ತವೆ, ನಾನು ಬಿಸಿಲಿಗೆ ತಾಡಪತ್ರಿಯ ಮೇಲೆ ಹರವಿದ ಅರಳೆಯನ್ನು ತುಳಿದು, ಅದರ ಮೇಲೆ ಮಲಗಿ, ಹಿಕ್ಕೆ ಹಾಕಿ ಹೋಗುತ್ತವೆ. ಆಡು ಬಂದಲ್ಲಿ ಆಡಿನ ಒಡತಿ ಬರುವುದಿಲ್ಲವೇ ಎಂದು ಓಣಿಯಲ್ಲಿ ನಿಂತು ಕೇಳಿದೆ. ಅವಳು ಯಲ್ಲಮ್ಮನ ಆಣೆ ಮಾಡಿ, ನನ್ನ ಏಳು ತಲೆಮಾರನ್ನು ಹೊರಗೆ ಎಳೆದಳು. ಆವತ್ತೇ ನಿಶ್ಚಯ ಮಾಡಿದೆ, ಕಣ್ಣಾರೆ ಹಿಡಿದು ತೋರಿಸುತ್ತೇನೆ ಎಂದು.

ಬೈಲಹೊಂಗಲದಲ್ಲಿ ರೇಣು ಎಂಬ ಹುಡುಗ ಮೊಬೈಲ್ ಅಂಗಡಿ ಇಟ್ಟಿದ್ದ. ಇಟ್ಟಿದ್ದ ಎಂದೇ ಬರೆಯಬೇಕು. ಅವನು ಬಂದು ಹೊರಗಿನ ಕಟ್ಟೆಯ ಮೇಲೆ, ಬಂದವರು ಕೂಡಲು ಹಾಕಿದ ಹೊರಸಿನ ನೆತ್ತಿಗೆ ಸರಿಯಾಗಿ ಕ್ಯಾಮರಾ ಕೂಡಿಸಿದ. ದುನಿಯಾದ ಯಾವ ಮೂಲೆಯಿಂದಲಾದರೂ ಮನೆ ನೋಡಬಹುದು, ಗುಂಡಿ ಒತ್ತಿ ಮಾತಾಡಿದರೆ ಮನೆಯಲ್ಲಿ ಕೇಳುತ್ತದೆ ಎಂದ. ಧ್ವನಿಯನ್ನು ಎಷ್ಟು ದೊಡ್ಡದು ಮಾಡಲು ಬರುತ್ತದೋ ಅಷ್ಟೂ ಮಾಡು ಎಂದು ಹೇಳಿದವನು ನಾನೇ. ಎಲ್ಲ ಸರಿ, ಇಂಟರ್ನೆಟ್ಟೇ ಇಲ್ಲ. ನಮ್ಮ ಓಣಿಯಲ್ಲಿ ಸಿಗ್ನಲ್ಲು ನೀರಿನ ಟಾಕಿಯ ಮೇಲೆ ಹತ್ತಿದವರಿಗೆ ಮಾತ್ರ. ಅದಕ್ಕೆ ರೇಣು ಮಾಳಿಗೆಯ ಮೇಲೆ ಒಂದು ಪೆಟ್ಟಿಗೆ ಕಟ್ಟಿದ. ಅದು ಸಾಲದೆಂದು ಕಂಬ ಹಾಕಿದ. ಅದೂ ಸಾಲದೆಂದು ಇನ್ನೊಂದು ಪೆಟ್ಟಿಗೆ. ಇಷ್ಟೆಲ್ಲ ಮಾಡಿದ ಮೇಲೆ ಫೋನಿನಲ್ಲಿ ನಿನ್ನ ಮಾಮಿ ಕಂಡಳು, ಮುಖವೆಲ್ಲ ಚೌಕ ಚೌಕ, ದುಪ್ಪಟಿಯ ಅಂಚಿನ ಹಾಗೆ. ಒಂದು ಸಲ ಬಾವಿಯ ಹತ್ತಿರ ಇರುತ್ತಿದ್ದಳು, ಮುಂದಿನ ಸಲ ಒಲೆಯ ಹತ್ತಿರ. ನಡುವೆ ನಡೆದು ಬಂದದ್ದೇ ಕಾಣುತ್ತಿರಲಿಲ್ಲ. ಉಳಿದ ಹೊತ್ತೆಲ್ಲ ಪರದೆಯ ನಡುವೆ ಒಂದು ಉಂಗುರ ಗರಗರ ತಿರುಗುತ್ತಿತ್ತು. ರೇಣುವಿಗೆ ಹೇಳಿದರೆ, ಕಾಕಾ, ನಿಮ್ಮೂರ ಗಾಳಿಯೇ ಸಾವಕಾಶ ಐತಿ ಎಂದ. ಅವನ ನಾಲಗೆಗೆ ದಬ್ಬಣ ಚುಚ್ಚಬೇಕಿತ್ತು.

ಆಗ ನಿನಗೆ ಫೋನ್ ಮಾಡಿದ್ದೆ, ನೆನಪಿದೆಯಲ್ಲ. ನೀನು ಹೇಳಿದೆ, ನೆಟ್ಟು ನಿಧಾನ ಇದ್ದರೆ ಹಳೆಯ ಚಿತ್ರವೇ ನಿಂತುಬಿಡುತ್ತದೆ, ಮೂಲೆಯಲ್ಲಿ ಗಂಟೆ ಬರೆದಿರುತ್ತದೆ, ಅದನ್ನು ನೋಡಿಕೊಂಡು ಮಾತಾಡು ಮಾಮಾ ಎಂದು. ಹೇಳಿದ್ದೇನೋ ನಿಜ. ಆದರೆ ಮದುವೆಯ ಹುಡುಗಿಯ ಹಾಗೆ ಮೆಲ್ಲಗೆ ಹೇಳಿದೆ, ಗದರಿಸಿ ಹೇಳಬೇಕಿತ್ತು. ಮತ್ತೆ ಆ ಅಂಕಿಗಳು ಎಷ್ಟು ಸಣ್ಣವು ಎಂದರೆ, ಕನ್ನಡಕವಿಲ್ಲದೆ ದಬ್ಬಣಕ್ಕೆ ದಾರ ಪೋಣಿಸುವ ನನ್ನಂಥವನಿಗೂ ಇರುವೆ ಹರಿದಂತೆ ಕಾಣುತ್ತವೆ. ಇದರಲ್ಲಿ ನಿನ್ನ ಪಾಲು ಎಷ್ಟು ಎಂಬುದನ್ನು ನೀನೇ ವಿಚಾರ ಮಾಡು.

ಹೋದ ಗುರುವಾರ ಮುರಗೋಡದಲ್ಲಿ ಒಂದು ಮದುವೆ ಮನೆಗೆ ಗಾದಿ ಮುಟ್ಟಿಸಿ, ಮಠದ ಕಡೆ ಹೋಗುವ ದಾರಿಯಲ್ಲಿ ಶಟ್ಟೆಪ್ಪನ ಚಹಾದಂಗಡಿಯಲ್ಲಿ ಕುಳಿತೆ. ನಾಲ್ಕು ಮಂದಿ ಇದ್ದರು. ನಾಲ್ಕು ಮಂದಿ ಇದ್ದಲ್ಲಿ ನಾನು ಫೋನ್ ಹೊರಗೆ ತೆಗೆಯದೆ ಇರುತ್ತೇನೆಯೇ? ಇಲ್ಲಿ ಕುಳಿತು ನೇಸರಗಿಯ ನನ್ನ ಅಂಗಳ ನೋಡುತ್ತೇನೆ ಎಂದೆ. ಶಟ್ಟೆಪ್ಪ ಚಹಾ ಸೋಸುವುದನ್ನು ಬಿಟ್ಟು ಬಂದ. ಉಂಗುರ ತಿರುಗಿತು, ತಿರುಗಿತು, ಎಲ್ಲರೂ ಬಗ್ಗಿ ಕಾಯುತ್ತಿದ್ದಾರೆ, ನನ್ನ ಮಾನ ಆ ಉಂಗುರದೊಳಗೆ ಸಿಕ್ಕಿಕೊಂಡಿದೆ. ಕೊನೆಗೆ ಚಿತ್ರ ಬಂತು. ನಿನ್ನ ಗಾದಿಯ ಅರಳೆ ತಾಡಪತ್ರಿಯ ಮೇಲೆ, ಅರಳೆಯ ಮೇಲೆ ಸಾವಂತ್ರೆವ್ವನ ಆಡು ಕಾಲು ಮಡಚಿ ಕುಳಿತಿದೆ, ಪಕ್ಕದಲ್ಲಿ ಗಡ್ಡದ ಹೋತ.

ಗುಂಡಿ ಒತ್ತಿದೆ. ಏನು ಅಂದೆ ಎಂಬುದನ್ನು ನಿನ್ನ ಅವ್ವನಿಂದ ಕೇಳಿರುತ್ತೀ, ಆದರೂ ನನ್ನ ಕೈಯಿಂದಲೇ ಬರೆಯುತ್ತೇನೆ.

“ಏ ಕಳ್ಳೀ, ಮತ್ತ ಬಂದೀ? ನಿಮ್ಮ ಮನ್ಯಾಗ ಗತಿ ಇಲ್ಲೇನು, ನನ್ನ ಅರಳೀನ ಬೇಕಾತು ನಿನಗ? ಮೊದಲ ಒಬ್ಬಾಕಿನ ಬರತಿದ್ದಿ, ಈಗ ಆ ಗಡ್ಡದವನ್ನೂ ಕರಕೊಂಡ ಬಂದಿಯಲ್ಲ. ಏಳ, ಎದ್ದ ನಡಿ. ಇಲ್ಲಂದ್ರ ಬಂದ ಕಾಲ ಮುರೀತೇನಿ.”

ಆಡು ಅಲುಗಲಿಲ್ಲ. ಅಂಗಡಿಯವರು ನಕ್ಕರು, ಆಡಿಗೂ ನಿನ್ನ ಮಾತಿಗೆ ಕಿಮ್ಮತ್ತಿಲ್ಲ ಎಂದ ಶಟ್ಟೆಪ್ಪ. ನನಗೆ ಉರಿಯಿತು. ಅದನ್ನೇ ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ, ಮೇಲೆ ನಾಲ್ಕು ಮಾತು ಸೇರಿಸಿ ಕೂಗಿದೆ. ಆ ನಾಲ್ಕು ಮಾತನ್ನು ಹೆಣ್ಣುಮಗಳಿಗೆ ಬರೆಯುವ ಕಾಗದದಲ್ಲಿ ಬರೆಯಲು ಬರುವುದಿಲ್ಲ.

ಆಡು ಅಲುಗದೆ ಇದ್ದದ್ದು ಯಾಕೆಂದರೆ, ಆಡು ಅಲ್ಲಿರಲೇ ಇಲ್ಲ. ಚಿತ್ರ ಹಳೆಯದು, ನನ್ನ ಧ್ವನಿ ಹೊಸದು. ಮಾಮಿ ಯಾವಾಗಲೋ ಅವೆರಡನ್ನೂ ಅಟ್ಟಿದ್ದಳು. ಆಮೇಲೆ ಬೆಳಗಾವಿಯಲ್ಲಿ ಬಟ್ಟೆ ತೆಗೆಯಲು ಹೋದ ನಿನ್ನ ಅವ್ವ, ನಿನಗೆ ಮಾವ ಆಗುವ ಇಕ್ಬಾಲ್ ಸಾಬರನ್ನೂ ಅವರ ಮನೆಯವರನ್ನೂ ಕರೆದುಕೊಂಡು, ತಿರುಗಿ ಬರುವಾಗ ನೇಸರಗಿಯಲ್ಲಿ ಇಳಿದಿದ್ದಳು, ನನಗೆ ಮೊದಲ ಕಾರ್ಡು ಕೊಡಲಿಕ್ಕೆ. ನಾನಿಲ್ಲ ಎಂದು ಗೊತ್ತಾದರೂ ಒಂದು ಕಪ್ಪು ಚಹಾ ಕುಡಿದು ಹೋದರಾಯಿತು ಎಂದು ಆ ಹೊರಸಿನ ಮೇಲೆಯೇ ಕುಳಿತಿದ್ದರು. ಮಾಮಿ ಒಳಗೆ ಚಹಾಕ್ಕೆ ಇಟ್ಟಿದ್ದಳು. ನನ್ನ ತಮ್ಮ ಎಂಥ ಅರಳೆ ತಂದಿದ್ದಾನೆ ನೋಡಿರಿ ಎಂದು ನಿನ್ನ ಅವ್ವ ಎದ್ದು ಬಗ್ಗಿ, ಒಂದು ಹಿಡಿ ಎತ್ತಿ ಬೀಗರಿಗೆ ತೋರಿಸುತ್ತಿದ್ದಳಂತೆ. ಅವಳ ಕೈಯಲ್ಲಿ ಅರಳೆ ಇದ್ದಾಗಲೇ ನೆತ್ತಿಯ ಮೇಲಿನಿಂದ ನನ್ನ ಧ್ವನಿ, ಏ ಕಳ್ಳೀ ಎಂದು.

ಇಕ್ಬಾಲ್ ಸಾಬರಿಗೆ ಎದೆಯ ತನಕ ಗಡ್ಡ ಇದೆ. ಇದೂ ನನ್ನ ತಪ್ಪೇ?

ಮಾಮಿ ಓಡಿಬಂದು, ಅದು ಆಡಿಗೆ ಅಂದದ್ದು ಎಂದಳು. ಯಾವ ಆಡು ಎಂದು ಎಲ್ಲರೂ ಅಂಗಳ ನೋಡಿದರು. ಸುಡುಗಾಡು ಆಡು, ದಿನವೆಲ್ಲ ಬೇಡವೆಂದರೂ ಬರುವುದು, ಬೇಕಾದಾಗ ಇಲ್ಲ. ಚಹಾ ಅಲ್ಲೇ ಉಳಿಯಿತು, ಕಾರ್ಡು ಬಂದ ಚೀಲದಲ್ಲೇ ಸುರೇಬಾನಕ್ಕೆ ತಿರುಗಿ ಹೋಯಿತು.

ನನಗೆ ಯಾರ ಮೇಲೆ ಸಿಟ್ಟಿಲ್ಲ ಹೇಳು. ರೇಣುವಿನ ಮೇಲೆ ಸಿಟ್ಟು. ಮಾಳಿಗೆಯ ಮೇಲೆ ಸುಮ್ಮನೆ ಹಸಿರು ದೀಪ ಮಿಟುಕಿಸುವ ಆ ಪೆಟ್ಟಿಗೆಗಳ ಮೇಲೆ ಸಿಟ್ಟು. ಚಿತ್ರ ಕಳಿಸಲು ಬಾರದ ನೆಟ್ಟು ಬೈಗುಳವನ್ನು ಮಾತ್ರ ಒಂದಕ್ಷರ ಬಿಡದೆ ಮುಟ್ಟಿಸಿತಲ್ಲ, ಅದರ ಮೇಲೆ ಎಲ್ಲಕ್ಕಿಂತ ಹೆಚ್ಚು. ಅಂದು ಮನೆಗೆ ಬಂದವನೇ ಅರಳೆ ಬಡಿಯುವ ಕೋಲಿನಿಂದ ಕ್ಯಾಮರಾ ಹೊಡೆದು ಕೆಡವಿದೆ. ಸಾವಂತ್ರೆವ್ವ ಗೋಡೆಯ ಆಚೆಯಿಂದ ಇಣುಕಿ, “ಹಸನಣ್ಣಾ, ಇನ್ನ ನಿನ್ನ ಬಾಯಿ ಯಾರ ಕಾಯ್ಬೇಕು?” ಎಂದಳು. ನಾನು ಕೋಲನ್ನು ಗೋಡೆಗೆ ಒರಗಿಸಿ ಒಳಗೆ ಹೋದೆ.

ಅವತ್ತೇ ಮಾಮಿ ಇನ್ನೊಂದು ಮಾತು ಹೇಳಿದಳು. ದೀಪಾವಳಿಗೆ ಹೋದ ಚೀಲವನ್ನು ಯಾರೂ ಕದ್ದಿರಲಿಲ್ಲ. ನಿನ್ನ ಅವ್ವ ಬಂದಾಗ, ಮಗಳ ತಲೆದಿಂಬನ್ನು ತಾನೇ ಹೊಲಿಯುತ್ತೇನೆ, ಎಲ್ಲ ಭಾರ ತಮ್ಮನ ಮೇಲೆ ಬೇಡ ಎಂದಿದ್ದಳಂತೆ. ಮಾಮಿ ತಾನಾಗಿ ಚೀಲ ಎತ್ತಿ ಕೊಟ್ಟಿದ್ದಳು. ಇಷ್ಟು ದಿನ ನನಗೆ ಯಾಕೆ ಹೇಳಲಿಲ್ಲ ಎಂದು ಹರಿಹಾಯ್ದೆ. ಅವಳು ಸೌಟು ಕೆಳಗಿಟ್ಟು ಹೇಳಿದ್ದನ್ನು ಹಾಗೇ ಬರೆಯುತ್ತೇನೆ:

“ನಿಮಗ ಹೇಳಿದ್ದರ ಏನ್ ಮಾಡ್ತಿದ್ರಿ? ಅಕ್ಕಗ ಅರಳಿ ಕೊಟ್ಟೇನಿ ಅಂತ ಬಸ್‌ಸ್ಟ್ಯಾಂಡಿನಾಗ ನಿಂತ, ಹೋಗು ಬರು ಬಸ್ಸಿಗೆಲ್ಲಾ ಸಾರತಿದ್ರಿ. ಅದಕ್ಕ ಅಕ್ಕನ ಹೇಳಬ್ಯಾಡ ಅಂದ್ಲು.”

ಆಮೇಲೆ ಅವಳು ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಾಳೆ. ತಟ್ಟೆಯನ್ನು ಮುಂದೆ ಇಡುವ ಸದ್ದಿನಲ್ಲೇ ಉಳಿದದ್ದನ್ನೆಲ್ಲ ಹೇಳುತ್ತಾಳೆ.

ಶುಕ್ರವಾರ ನಮಾಜು ಮುಗಿಸಿದವನೇ ಸವದತ್ತಿಗೆ ಬಸ್ಸು ಹತ್ತಿ ಇಕ್ಬಾಲ್ ಸಾಬರ ಸೈಕಲ್ ಅಂಗಡಿಗೆ ಹೋದೆ. ನನ್ನನ್ನು ನೋಡಿ ಅವರು ಗಡ್ಡ ನೀವಿಕೊಂಡರು. ನಾನು ಹೋತದ ಸಂಗತಿಯೆಲ್ಲ ಹೇಳಿದೆ, ಬೇಕಾದರೆ ಹೋತವನ್ನೇ ತಂದು ಎದುರಿಗೆ ನಿಲ್ಲಿಸುತ್ತೇನೆ ಎಂದೆ. ಅವರು ಪಂಚರ್ ತಿದ್ದುತ್ತಿದ್ದ ಟ್ಯೂಬು ಕೈಬಿಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ತಮ್ಮ ಹೆಂಡತಿ ಈ ಗಡ್ಡಕ್ಕೆ ಇದಕ್ಕಿಂತ ಕಡೆಯ ಹೆಸರು ಇಟ್ಟಿದ್ದಾಳೆ ಎಂದು ಚಹಾ ತರಿಸಿದರು. ನಿನ್ನ ಮದುವೆಗೆ ಅವರ ಕಡೆಯಿಂದ ಏನೂ ಅಡ್ಡಿ ಇಲ್ಲ, ನೆಮ್ಮದಿಯಿಂದಿರು.

ಬೀಗರು ನಕ್ಕ ಮೇಲೆ ಅವ್ವ ಯಾಕೆ ನಗುತ್ತಿಲ್ಲ ಎಂದು ನೀನು ಕೇಳುತ್ತೀ. ನಾನು ಒಂದು ಸಂಗತಿ ಬಿಟ್ಟು ಬರೆದಿದ್ದೇನೆ. ಅವ್ವ ನಿನಗೂ ಹೇಳಿರಲಿಕ್ಕಿಲ್ಲ. ಅವಳು ಸಿಟ್ಟಿನಲ್ಲಿಯೂ ನನ್ನ ಮಾನ ಕಾಯುವವಳು.

ಗುರುವಾರ ನಾನು ಶಟ್ಟೆಪ್ಪನ ಅಂಗಡಿಯಲ್ಲೇ ಇದ್ದಾಗ, ಅವಳು ನೇಸರಗಿಯ ಬಸ್‌ಸ್ಟ್ಯಾಂಡಿನ ಬೇವಿನ ಗಿಡದ ಕೆಳಗೆ ನಿಂತು ನನಗೆ ಫೋನ್ ಮಾಡಿದಳು. ಕೂಗಲಿಲ್ಲ.

“ಹಸನಾ, ಅರಳಿ ಒಯ್ದಾಕಿ ನಾನ ಹೌದು. ಅದಕ್ಕ ಬೀಗರ ಮುಂದ ನನ್ನ ಕಳ್ಳಿ ಅನ್ನಬೇಕಿತ್ತೇನು?”

ಕಳೆದ ಚೀಲ ಅವಳ ಹತ್ತಿರ ಇದೆ ಎಂಬುದಷ್ಟೇ ನನಗೆ ತಿಳಿಯಿತು. ಯಾವ ಬೀಗರು, ನಾನು ಯಾವಾಗ ಅಂದೆ ಎಂದು ಕೇಳಬೇಕಿತ್ತು. ನಾಲ್ಕು ಮಂದಿ ನನ್ನ ಬಾಯನ್ನೇ ನೋಡುತ್ತಿದ್ದರು. ಆ ಚೀಲಕ್ಕಾಗಿ ಓಣಿಯಲ್ಲಿ ಜಗಳ ತೆಗೆದವನು, ಕಂಬ ಹಾಕಿಸಿದವನು ನಾನು, ಈಗ ಅದು ನನ್ನ ಅಕ್ಕನ ಮನೆಯಲ್ಲೇ ಇದೆ ಎಂದರೆ ಅವರು ನನ್ನನ್ನು ಹುಚ್ಚ ಅನ್ನದೆ ಬಿಡುತ್ತಿದ್ದರೇ? ಆ ನಾಚಿಕೆ ಸಿಟ್ಟಾಗಿ ಬಾಯಿಗೆ ಬಂತು.

“ಒಯ್ದಾಕಿ ಹೇಳಿ ಒಯ್ಯಬೇಕಿತ್ತು. ಹೇಳದ ಒಯ್ದವರಿಗೆ ಊರಾಗ ಏನಂತಾರ, ನೀನ ಹೇಳಕ್ಕಾ.”

ಹಿಂದೆ ಯಾವುದೋ ಬಸ್ಸಿನ ಹಾರ್ನು ಕೇಳಿತು, ಆಮೇಲೆ ಅವಳು ಫೋನ್ ಇಟ್ಟಳು. ಕ್ಯಾಮರಾದ ಮೇಲೆ ಹೊರಿಸಬಹುದಾದದ್ದನ್ನೆಲ್ಲ ಹೊರಿಸಿದೆ ಫರೀನ್, ಇದನ್ನು ಹೊರಿಸಲು ಬರುವುದಿಲ್ಲ. ಆ ಕರೆ ಎಲ್ಲಿಯೂ ಕಡಿಯಲಿಲ್ಲ, ತಡವಾಗಲಿಲ್ಲ. ಅವಳು ಎದುರಿಗೆ ಕುಳಿತಷ್ಟು ಸ್ಪಷ್ಟ ಇತ್ತು. ಆಡಿಗೆ ಅಂದದ್ದು ಅವಳಿಗೆ ತಾಗಿತು ಎಂದು ನಾನು ಎಲ್ಲರಿಗೂ ಹೇಳುತ್ತ ತಿರುಗುತ್ತಿದ್ದೇನೆ. ಇದನ್ನು ನಾನು ಅಂದದ್ದು ಅವಳಿಗೇ.

ನಮ್ಮ ಅವ್ವ ತೀರಿಕೊಂಡಾಗ ನಾನು ಸಣ್ಣವನು. ಅಪ್ಪನ ಜೊತೆ ಹಿಂಜಲು ಒಬ್ಬರು ಬೇಕಿತ್ತು. ನಿನ್ನ ಅವ್ವ ಸಾಲೆ ಬಿಟ್ಟು ಆ ಕೆಲಸಕ್ಕೆ ಕುಳಿತಳು, ನಾನು ಸಾಲೆಗೆ ಹೋದೆ. ಸಂಜೆ ಬಂದು ನೋಡಿದರೆ ಅವಳ ತಲೆ, ಹುಬ್ಬು, ರೆಪ್ಪೆ ಎಲ್ಲ ಅರಳೆಯ ಧೂಳಿನಿಂದ ಬೆಳ್ಳಗೆ, ಚಿಕ್ಕ ಹುಡುಗಿಯಲ್ಲ ಮುದುಕಿ ಎಂಬಂತೆ. ಕೆಮ್ಮುತ್ತ ನನ್ನ ಪಾಟಿಯ ಮೇಲೆ ಬರೆದದ್ದನ್ನು ಓದಿಸಿಕೊಳ್ಳುತ್ತಿದ್ದಳು. ಆ ಮನೆಯ ಅರಳೆಯನ್ನು ಅವಳು ಯಾರನ್ನು ಕೇಳಿ ಒಯ್ಯಬೇಕು? ಇದನ್ನು ಬರೆಯುವಾಗ ನನಗೆ ನನ್ನ ಮೇಲೆಯೇ ಎಷ್ಟು ಸಿಟ್ಟು ಬರುತ್ತಿದೆ ಎಂದರೆ, ಮೇಲಿನ ಸಾಲು ಮುಗಿಸಿ ಎದ್ದು ಅಂಗಳದಲ್ಲಿ ಸುತ್ತು ಹಾಕಿ ಬಂದೆ.

ಈಗ ನಾನು ಮಾಡುವುದನ್ನು ಹೇಳುತ್ತೇನೆ, ಕೇಳುತ್ತಿಲ್ಲ, ಹೇಳುತ್ತಿದ್ದೇನೆ. ಬರುವ ಗುರುವಾರ ಗಾದಿಯನ್ನು ಬಸ್ಸಿನ ಟಪ್ಪಿನ ಮೇಲೆ ಕಟ್ಟಿಸಿಕೊಂಡು ರಾಮದುರ್ಗಕ್ಕೆ, ಅಲ್ಲಿಂದ ಸುರೇಬಾನಕ್ಕೆ ಬರುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಗಾದಿಯನ್ನು ನಿಮ್ಮ ಓಣಿಯ ನಡುವೆ ಹಾಸಿ ಅದರ ಮೇಲೆ ಕುಳಿತುಕೊಳ್ಳುತ್ತೇನೆ. ಟ್ರ್ಯಾಕ್ಟರ್ ಬರಲಿ, ಕಬ್ಬಿನ ಗಾಡಿ ಬರಲಿ, ಏಳುವುದಿಲ್ಲ. ಯಾಕೆ ಕುಳಿತಿದ್ದೀ ಎಂದು ಕೇಳಿದವರಿಗೆಲ್ಲ, ನನ್ನ ಅಕ್ಕನಿಗೆ ನಾನು ಅನ್ನಬಾರದ ಮಾತು ಅಂದೆ, ತಪ್ಪು ನನ್ನದು ಎಂದು ಹೇಳುತ್ತೇನೆ. ನನ್ನ ಧ್ವನಿ ಎಷ್ಟು ದೊಡ್ಡದು ಎಂಬುದು ನಿಮಗೆ ಗೊತ್ತು. ಬಡಾಯಿ ಕೊಚ್ಚಿಕೊಳ್ಳಲು ಒಂದು ದಿನವೂ ನಾಚದ ಬಾಯಿ ಇದು, ತಪ್ಪಾಯಿತು ಎನ್ನಲು ಇದೇ ಬಾಯಿ ನಾಚಿದರೆ ಅದಕ್ಕೆ ಅನ್ನ ಹಾಕುವುದು ದಂಡ.

ನೀನು ಮಾತ್ರ ಹೊರಗೆ ಬಾ. ಆ ಮೂಲೆಗೆ ಒಂದು ಹಿಡಿ ಅರಳೆ ತುಂಬಬೇಕಲ್ಲ, ನೇಸರಗಿಯದು ಬೇಡ. ನಿನ್ನ ಅವ್ವ ಒಯ್ದ ಚೀಲದಿಂದಲೇ ಅವಳ ಕೈಯಲ್ಲಿ ಒಂದು ಹಿಡಿ ತೆಗೆಸಿ ತಾ. ಅವಳು ಕೊಟ್ಟದ್ದು ಒಳಗೆ ಹೋಗದೆ ನಾನು ಗಂಟು ಕಟ್ಟುವುದಿಲ್ಲ.

ಇಂತಿ, ಸಿಟ್ಟು ಎಂದರೇನೆಂದು ಅರಿಯದ,
ನಿನ್ನ ಸೋದರಮಾವ
ಹಸನಸಾಬ ನದಾಫ

ತಾ.ಕ.: ಇದನ್ನು ಮಾಮಿಗೆ ಹೇಳಬೇಡ. ಕ್ಯಾಮರಾವನ್ನು ಕಂಪನಿಯವರು ನನ್ನ ಹೆಸರು ಕೇಳಿ ಪುಕ್ಕಟೆ ಕೊಟ್ಟರು ಎಂದು ಶಟ್ಟೆಪ್ಪನ ಅಂಗಡಿಯಲ್ಲಿ ಹೇಳಿದ್ದೆ, ಎರಡೂವರೆ ಸಾವಿರ ಎಂದು ಮಾಮಿಗೆ ಹೇಳಿದ್ದೆ. ಎರಡೂ ಸುಳ್ಳು. ಎರಡು ಪೆಟ್ಟಿಗೆ, ಕಂಬ, ವೈರು, ಇಡೀ ವರ್ಷದ ನೆಟ್ಟು, ಎಲ್ಲದರ ಹಣವನ್ನೂ ರೇಣು ಮುಂಗಡ ತೆಗೆದುಕೊಂಡ. ಮೊನ್ನೆ ಹೋಗಿ ನೋಡಿದರೆ ಅಂಗಡಿಗೆ ಬೀಗ, ಫೋನೂ ಬಂದ್. ಅದು ನಿನಗೆ ಬಟ್ಟೆಬರೆ ಇಡುವ ತಿಜೋರಿ ಕೊಡಿಸಲು ತೆಗೆದಿಟ್ಟಿದ್ದ ಹಣ, ಆದ್ದರಿಂದ ಗಾದಿಯ ಹಿಂದೆ ತಿಜೋರಿ ಬರುವ ದಾರಿ ಕಾಯಬೇಡ. ಆದರೆ ಈ ಮೊತ್ತವನ್ನು ನಿನ್ನ ಅವ್ವನಿಗೆ ಗಟ್ಟಿಯಾಗಿ ಓದಿ ಹೇಳು. ನನ್ನ ದಡ್ಡತನ ಕೇಳಿ ಅವಳು ಸುಮ್ಮನೆ ಕೂತದ್ದು ಈ ಜನ್ಮದಲ್ಲಿ ಇಲ್ಲ, ಬೈಯಲಿಕ್ಕಾದರೂ ಫೋನ್ ಮಾಡುತ್ತಾಳೆ. ನಾನು ಟಾಕಿಯ ಮೇಲೆ ಹತ್ತಿ ಕುಳಿತಿರುತ್ತೇನೆ, ಅಲ್ಲಿ ಸಿಗ್ನಲ್ಲು ಇರುತ್ತದೆ. ಹೋದದ್ದು ಹದಿನೆಂಟು ಸಾವಿರದ ಆರುನೂರು ರೂಪಾಯಿ.